ವಿಶನ್‌ಸರ್‌ನಿಂದ ಗಡ್‌ಸರ್‌ಗೆ: ಪಾಸ್ ದಾಟುವ ದಿನ ಹೊರೆಯನ್ನು ನಾವೇ ಹೊರಬೇಕೇ, ಕುದುರೆಗೆ ಕೊಡಬೇಕೇ?

ಕಕ್ಕಬೆಯ ತೋಟಿಗ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು, ಎಲ್ಲರೂ ಐವತ್ತರ ಆಸುಪಾಸಿನವರು, ಬರುವ ಆಗಸ್ಟ್‌ನಲ್ಲಿ ಗದ್ದೆಯ ನಾಟಿ ಮುಗಿದ ಮೇಲೆ ಕಾಶ್ಮೀರದ ಸರೋವರಗಳ ಚಾರಣಕ್ಕೆ ಹೋಗಿ, ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲೇ ಊರು ಸೇರಬೇಕೆಂದಿದ್ದೇವೆ. ಸೋನಮಾರ್ಗದಿಂದ ಹೊರಟು ನಾರಾನಾಗ್‌ನಲ್ಲಿ ಇಳಿಯುವ, ಹೆಚ್ಚಿನವರು ಹಿಡಿಯುವ ದಾರಿಯೇ ನಮ್ಮದೂ. ಉಳಿದ ದಿನಗಳ ಬಗ್ಗೆ ನಮಗೆ ಚಿಂತೆಯಿಲ್ಲ. ವಿಶನ್‌ಸರ್ ಸರೋವರದ ಬಳಿಯ ಡೇರೆಯಿಂದ ಹೊರಟು, ಕಿಶನ್‌ಸರ್ ದಂಡೆಯ ಪಕ್ಕದಿಂದ ಏರಿ, ಸುಮಾರು 4,200 ಮೀಟರ್ ಎತ್ತರದಲ್ಲಿ ಬೆಟ್ಟಸಾಲನ್ನು ದಾಟಿಸುವ ಗಡ್‌ಸರ್ ಪಾಸ್ ದಾಟಿ, ಆಚೆ ಬದಿಯ ಗಡ್‌ಸರ್ ಸರೋವರಕ್ಕೆ ಇಳಿಯುವ ಆ ಒಂದು ದಿನದ ವಿಷಯದಲ್ಲಿ ಮಾತ್ರ ನಮ್ಮೊಳಗೆ ಜಗಳ ಹತ್ತಿಕೊಂಡಿದೆ.

ಇಬ್ಬರ ವಾದವೆಂದರೆ, ಹುಟ್ಟಿದಾಗಿನಿಂದ ಕೊಡಗಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಬದುಕಿದವರು ಬೆನ್ನಿನ ಚೀಲವನ್ನು ಕುದುರೆಗೆ ಹೇರಿಸುವುದು ನಾಚಿಕೆಗೇಡು ಎಂಬುದು. ಉಳಿದ ಇಬ್ಬರು, ಅಂದರೆ ನಾನು ಮತ್ತು ನನ್ನ ಭಾವ, ಆ ದಿನ ಕೈ ಬೀಸಿಕೊಂಡು ನಡೆದು ಸರೋವರವನ್ನಾದರೂ ಕಣ್ತುಂಬ ನೋಡೋಣ ಎನ್ನುತ್ತೇವೆ. ಆ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತೀರ್ಪು ಕೊಡಬೇಕು.

ಕುಶಾಲನಗರದ ಹುಡುಗ:
ಇದರಲ್ಲಿ ತೀರ್ಪು ಕೊಡುವುದಕ್ಕೆ ಏನಿದೆ? ನಿಮ್ಮಂಥ ನಾಲ್ಕುನಾಡಿನ ಬೆಟ್ಟದವರು ಕುದುರೆ ಹಿಡಿದರೆಂದು ತಿಳಿದರೆ ನಾವು ಬಯಲುಸೀಮೆಯ ಅಂಚಿನವರು ನಗುತ್ತೇವೆ.

ಕಾಡುಮಲ್ಲಿಗೆ:
ನಗುವವರು ಒಮ್ಮೆ ಆ ಏರು ಹತ್ತಿ ಬಂದು ಆಮೇಲೆ ನಗಲಿ. ನಾನು ಆ ದಾರಿಯಲ್ಲಿ ನಡೆದವಳು, ಸ್ವಂತ ಹೊರೆ ಹೊತ್ತೇ ನಡೆದವಳು. ಆದ್ದರಿಂದ ಆ ದಿನ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವಿಶನ್‌ಸರ್ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಕಿಶನ್‌ಸರ್ ಅದಕ್ಕಿಂತ ತುಸು ಮೇಲಿದ್ದು, ಅದರ ನೀರೇ ಹರಿದು ವಿಶನ್‌ಸರ್ ಸೇರುತ್ತದೆ. ಡೇರೆಯಿಂದ ಕಿಶನ್‌ಸರ್‌ವರೆಗಿನ ನಡಿಗೆ ಹುಲ್ಲುಗಾವಲಿನಲ್ಲಿ ನಿಧಾನವಾಗಿ ಏರುವ ಸುಖದ ನಡಿಗೆಯಾಗಿರುವುದರಿಂದ, ಎಲ್ಲರೂ ಅಲ್ಲಿ ಹರಟೆ ಹೊಡೆಯುತ್ತ ವೇಗವಾಗಿ ನಡೆದುಬಿಡುತ್ತಾರೆ. ಸರೋವರ ದಾಟಿದ ಮೇಲೆ ದಾರಿ ಬೆಟ್ಟದ ಮೈಗೆ ಅಂಟಿಕೊಂಡು ನೇರವಾಗಿ ಏರತೊಡಗುತ್ತದೆ. ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ, ಕಾಲಡಿಯಲ್ಲಿ ಪುಡಿ ಮಣ್ಣು ಹಾಗೂ ಸಡಿಲ ಕಲ್ಲು, ಎಲ್ಲಿಯೂ ಮರದ ನೆರಳಿಲ್ಲ. ಮೇಲೇರಿದಂತೆ ಹಿಂದಿನ ಎರಡೂ ಸರೋವರಗಳು ಒಟ್ಟಿಗೆ ಕಾಣಿಸುತ್ತವೆ. ಆ ನೋಟಕ್ಕೆಂದು ನಿಲ್ಲುವವರಲ್ಲಿ ಅರ್ಧ ಜನ ನಿಜವಾಗಿ ಉಸಿರಿಗಾಗಿ ನಿಂತಿರುತ್ತಾರೆ ಎಂಬುದು ನನ್ನ ಗುಮಾನಿ.

ಪಾಸ್ ಮುಟ್ಟಿದಾಗ ದಿನದ ಕೆಲಸ ಮುಗಿಯಿತೆಂದು ಯಾರೂ ತಿಳಿಯಬಾರದು. ಆಚೆಯ ಇಳಿಜಾರು ಮೊದಲಿಗೆ ಕಡಿದಾಗಿದ್ದು, ಜುಲೈ ಮೊದಲ ಭಾಗದಲ್ಲಿ ಅಲ್ಲಿ ಹಿಮದ ತೇಪೆಗಳೂ ಉಳಿದಿರಬಹುದು. ಅದಾದ ಮೇಲೆ ಹೂವಿನ ಬಯಲುಗಳು ಬರುತ್ತವೆ. ಗಸಗಸೆಯ ಜಾತಿಗೆ ಸೇರಿದ ನೀಲಿ ಪಾಪಿ ಹೂವನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಗಡ್‌ಸರ್ ಸರೋವರ ಸುಮಾರು 3,600 ಮೀಟರ್‌ನಲ್ಲಿ ಸಿಗುತ್ತದೆ, ಆದರೆ ತಂಡಗಳು ಸಾಮಾನ್ಯವಾಗಿ ಅಲ್ಲಿ ತಂಗದೆ, ಇನ್ನೂ ಮುಂದಕ್ಕೆ ನಡೆದು ಸೇನಾ ಶಿಬಿರದ ಬಳಿ ಡೇರೆ ಹಾಕುತ್ತವೆ. ಒಟ್ಟಿನಲ್ಲಿ ಹದಿನೈದು ಕಿಲೋಮೀಟರ್ ಆಸುಪಾಸು, ಎಂಟರಿಂದ ಹತ್ತು ಗಂಟೆಯ ದಿನ. ಬೆಳಿಗ್ಗೆಯ ಏರು ಉಸಿರನ್ನು ಪರೀಕ್ಷಿಸಿದರೆ ಮಧ್ಯಾಹ್ನದ ಇಳಿತ ಮೊಣಕಾಲನ್ನು ಪರೀಕ್ಷಿಸುತ್ತದೆ. ಬೆನ್ನ ಮೇಲಿನ ಭಾರ ಎರಡು ಕಡೆಯೂ ಲೆಕ್ಕಕ್ಕೆ ಬರುತ್ತದೆ.

ಮಂಜಿನೂರು:
ವಿವರಣೆ ಚೆನ್ನಾಗಿದೆ, ಆದರೆ ತೀರ್ಪು ಎಲ್ಲಿ? ತಾವೇ ಹೊತ್ತು ನಡೆದಿದ್ದೀರಿ ಎಂದ ಮೇಲೆ ಇವರೂ ಹೊರಬಹುದಲ್ಲವೇ?

ಕಾಡುಮಲ್ಲಿಗೆ:
ನನ್ನ ಚೀಲದಲ್ಲಿ ಡೇರೆಯಾಗಲಿ ಅಡುಗೆಯ ಸಾಮಾನಾಗಲಿ ಇರಲಿಲ್ಲ. ಸ್ವಂತ ಬಟ್ಟೆ, ನೀರು, ಮಳೆಯಂಗಿ, ಮಲಗುವ ಚೀಲ, ಅಷ್ಟೇ. ಹಲವು ದಿನಗಳ ನಡಿಗೆಯಲ್ಲಿ ದೇಹತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದೆಂದು ಚಾರಣಿಗರು ಹೇಳುವುದು ಸಮತಟ್ಟಿನ ದಾರಿಗೂ ಅನ್ವಯಿಸುವ ಮಾತು. ನಾಲ್ಕು ಸಾವಿರ ಮೀಟರ್‌ನಲ್ಲಿ ಅದಕ್ಕಿಂತಲೂ ಕಡಿಮೆ ಮಾಡಿಕೊಂಡರೆ ಒಳ್ಳೆಯದು.

ಬೋರ್ಡೋ:
ತೋಟದಲ್ಲಿ ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಕ್ಯಾನು ಬೆನ್ನಿಗೇರಿಸಿ ಮಳೆಗಾಲದಲ್ಲಿ ಇಳಿಜಾರು ಹತ್ತಿ ಇಳಿಯುವವರಿಗೆ ಹತ್ತು ಹನ್ನೆರಡು ಕಿಲೋ ಒಂದು ಭಾರವೇ? ಕೊಡಗಿನವರ ಕಾಲು ಬೇರೆ, ಪಟ್ಟಣದವರ ಕಾಲು ಬೇರೆ. ಚೀಲ ಹೊರುವುದಕ್ಕೆ ನನ್ನ ಮತ.

ವಿರಾಜಪೇಟೆಯ ವೈದ್ಯೆ:
ಬೋರ್ಡೋ ಅವರೇ, ಕಾಲಿನ ಬಗ್ಗೆ ತಕರಾರಿಲ್ಲ; ಕಾಲಿಗೆ ಆಮ್ಲಜನಕ ಒದಗಿಸುವ ಗಾಳಿಯ ಬಗ್ಗೆ ತಕರಾರಿದೆ. ತಡಿಯಂಡಮೋಳ್ ತುದಿ 1,748 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 80ಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಗಡ್‌ಸರ್ ಪಾಸ್‌ನಲ್ಲಿ ಅದು ಶೇಕಡಾ 60ರ ಹತ್ತಿರಕ್ಕೆ ಇಳಿದಿರುತ್ತದೆ. ನಮ್ಮ ಜಿಲ್ಲೆಯ ಅತಿ ಎತ್ತರದ ಶಿಖರದ ಎರಡು ಪಟ್ಟಿಗಿಂತಲೂ ಹೆಚ್ಚಿನ ಎತ್ತರದಲ್ಲಿ ಅವರು ನಡೆಯುತ್ತಿರುತ್ತಾರೆ. ಇಲ್ಲಿ ಎಷ್ಟೇ ಹತ್ತಿ ಇಳಿದರೂ ಸ್ನಾಯು ಮತ್ತು ಹೃದಯ ಗಟ್ಟಿಯಾಗುತ್ತವೆಯೇ ಹೊರತು, ಎತ್ತರದ ತೆಳುಗಾಳಿಗೆ ದೇಹ ಹೊಂದಿಕೊಳ್ಳುವುದಿಲ್ಲ. ಆ ಹೊಂದಾಣಿಕೆ ಆಗುವುದು ಆ ಎತ್ತರದಲ್ಲಿ ಕಳೆದ ದಿನಗಳಿಂದ ಮಾತ್ರ. ಗಟ್ಟಿಮುಟ್ಟಾದ ಯುವಕರು ತಮ್ಮ ಕಾಲನ್ನು ನಂಬಿ ಬೇಗ ಏರಿ, ನಿಧಾನವಾಗಿ ಬಂದ ಹಿರಿಯರಿಗಿಂತ ಮೊದಲು ಕಾಯಿಲೆ ಬೀಳುವುದು ಅಪರೂಪವಲ್ಲ.

ಹೀಗಾಗಿ ಹೊರೆಯ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಪಾಸ್ ದಾಟುವ ಹಿಂದಿನ ರಾತ್ರಿಗಳನ್ನು ನೀವು ಎಲ್ಲೆಲ್ಲಿ ಕಳೆಯುತ್ತೀರಿ? 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಮತ್ತೊಂದು ರಾತ್ರಿ ಉಳಿಯಬೇಕು ಎಂಬುದು ಪರ್ವತ ವೈದ್ಯರು ಒಪ್ಪಿಕೊಂಡ ನಿಯಮ. ಸೋನಮಾರ್ಗ ಸುಮಾರು 2,700 ಮೀಟರ್‌ನಲ್ಲಿದೆ, ಮೊದಲ ದಿನದ ನಿಚ್‌ನೈ ಡೇರೆ 3,500 ಮೀಟರ್ ಸಮೀಪದಲ್ಲಿ. ಅಲ್ಲಿಯೇ ನಿಯಮ ಮುರಿದಿರುತ್ತದೆ. ಅದನ್ನು ಸರಿದೂಗಿಸಲು ಸೋನಮಾರ್ಗದಲ್ಲಿ ಒಂದು ರಾತ್ರಿ ಹೆಚ್ಚು ಉಳಿಯಬೇಕು, ವಿಶನ್‌ಸರ್ ಬಳಿ ಒಂದು ಪೂರ್ತಿ ದಿನ ಬಿಡುವು ಇಟ್ಟುಕೊಳ್ಳಬೇಕು.

ಕಕ್ಕಬೆಯ ತೋಟಿಗ:
ವೈದ್ಯೆಯವರೇ, ಬಿಡುವಿನ ದಿನವನ್ನು ನಾವು ಉಳಿತಾಯದ ಲೆಕ್ಕದಲ್ಲಿ ತೆಗೆದುಹಾಕಿದ್ದೆವು. ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ಆ ದಿನದ ಅಗತ್ಯವಿಲ್ಲವೆಂದು ನಮ್ಮ ತಂಡದ ಒಬ್ಬರು ಖಂಡಿತವಾಗಿ ಹೇಳುತ್ತಿದ್ದಾರೆ.

ವಿರಾಜಪೇಟೆಯ ವೈದ್ಯೆ:
ಆ ಒಬ್ಬರನ್ನು ನನ್ನ ಬಳಿಗೆ ಕಳುಹಿಸಿ. ಅಸೆಟಜೋಲಮೈಡ್, ಅಂದರೆ ನೀವು ಹೇಳುವ ಡಯಾಮಾಕ್ಸ್, ದೇಹದ ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ. ಹೊಂದಾಣಿಕೆಗೆ ಬೇಕಾದ ಸಮಯದ ಬದಲಿಗೆ ಅದು ನಿಲ್ಲುವುದಿಲ್ಲ. ಮುನ್ನೆಚ್ಚರಿಕೆಗಾಗಿ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು ಕಾಣಿಸಿದರೆ ಮೇಲಕ್ಕೆ ಹೋಗದೆ ಅಲ್ಲಿಯೇ ನಿಲ್ಲಬೇಕು. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಸಬೇಕು. ಇಲ್ಲಿ ಈ ದಾರಿಯ ನಿಜವಾದ ತೊಡಕೊಂದಿದೆ: ವಿಶನ್‌ಸರ್‌ನಿಂದ ಹಿಂದಕ್ಕೆ ಬರಬೇಕಾದರೆ 4,000 ಮೀಟರ್ ಮೀರಿದ ನಿಚ್‌ನೈ ಪಾಸ್ ಏರಬೇಕು, ಮುಂದಕ್ಕೆ ಹೋಗಬೇಕಾದರೆ ಅದಕ್ಕಿಂತ ಎತ್ತರದ ಗಡ್‌ಸರ್ ಪಾಸ್ ಏರಬೇಕು. ಇಳಿಯಬೇಕಾದ ರೋಗಿಯನ್ನು ಮೊದಲು ಏರಿಸಬೇಕಾಗುತ್ತದೆ. ಆದ್ದರಿಂದ ವಿಶನ್‌ಸರ್ ಬಿಡುವ ಬೆಳಿಗ್ಗೆ ನಾಲ್ವರೂ ಸುಳ್ಳು ಹೇಳದೆ ತಮ್ಮ ಸ್ಥಿತಿಯನ್ನು ಒಪ್ಪಿಸಬೇಕು.

ಕುಶಾಲನಗರದ ಹುಡುಗ:
ಚಳಿಗೆ ಸ್ವಲ್ಪ ಬ್ರಾಂಡಿ ಕೊಂಡೊಯ್ಯಬಹುದೇ? ಕೊಡಗಿನವರ ಪರವಾಗಿ ಕೇಳುತ್ತಿದ್ದೇನೆ.

ವಿರಾಜಪೇಟೆಯ ವೈದ್ಯೆ:
ಬೇಡ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸುತ್ತದೆ, ಆದರೆ ದೇಹದ ಶಾಖ ಅಷ್ಟೇ ಬೇಗ ಹೊರಗೆ ಹೋಗುತ್ತದೆ. ನಿದ್ರೆಯಲ್ಲಿ ಉಸಿರಾಟವನ್ನೂ ತಗ್ಗಿಸುತ್ತದೆ. ಕಾಫಿಪುಡಿ ಕೊಂಡೊಯ್ಯಿರಿ.

ಭೂಗೋಳದ ಮೇಷ್ಟ್ರು:
ಚರ್ಚೆ ಎತ್ತರದ ಕಡೆಗೆ ಹೊರಳಿದ್ದರಿಂದ ಒಂದು ಮಾತು ಸೇರಿಸುತ್ತೇನೆ. ಆ ಕಾಫಿಗೆ ವಿಶನ್‌ಸರ್ ಬಳಿ ನೀರು ಕುದಿಯುವುದು ಸುಮಾರು 87 ಡಿಗ್ರಿಯಲ್ಲಿ. ಕಾಫಿಗೆ ಅಷ್ಟು ಸಾಕು, ಅನ್ನಕ್ಕೆ ಸಾಲದು. ಪುಟ್ಟ ಕುಕ್ಕರ್ ಇಲ್ಲದೆ ಬೇಯಿಸಿದ ಅಕ್ಕಿ ಹೊರಗೆ ಮುದ್ದೆಯಾಗಿ ಒಳಗೆ ಗಟ್ಟಿಯಾಗಿರುತ್ತದೆ. ಅಡುಗೆಯ ಕುದುರೆಯಾದರೂ ಬೇಕು ಎಂಬುದಕ್ಕೆ ಇದೊಂದು ಕಾರಣ, ಏಕೆಂದರೆ ಕುಕ್ಕರ್ ಮತ್ತು ಇಂಧನವನ್ನು ಹೊರುವವರು ಯಾರು? ಅಲ್ಲಿ ಮರಗಳ ಗಡಿಗಿಂತ ಮೇಲಿರುವುದರಿಂದ ಸೌದೆ ಸಿಗುವುದಿಲ್ಲ.

ಸೋಮವಾರಪೇಟೆಯವನು:
ಮೇಷ್ಟ್ರೇ, ಗಡ್‌ಸರ್ ಪಾಸ್ ನಮ್ಮ ಘಟ್ಟದ ನೆತ್ತಿಯ ಹಾಗೆಯೇ ಅಲ್ಲವೇ? ಈಚೆಗೆ ಬಿದ್ದ ನೀರು ಒಂದು ನದಿಗೆ, ಆಚೆಗೆ ಬಿದ್ದದ್ದು ಇನ್ನೊಂದಕ್ಕೆ ಹೋಗುತ್ತದೆ ಎಂದು ಓದಿದ ನೆನಪು. ತಡಿಯಂಡಮೋಳ್ ಸಾಲಿನಲ್ಲಿ ಒಂದು ಬದಿ ಕಾವೇರಿಗೆ, ಇನ್ನೊಂದು ಬದಿ ಅರಬ್ಬೀ ಸಮುದ್ರಕ್ಕೆ ಹರಿಯುವಂತೆ.

ಭೂಗೋಳದ ಮೇಷ್ಟ್ರು:
ಓದಿದ್ದು ನಿಚ್‌ನೈ ಪಾಸ್ ಬಗ್ಗೆ ಇರಬೇಕು. ನಿಚ್‌ನೈ ಕಣಿವೆಯ ನೀರು ಸೋನಮಾರ್ಗದ ಕಡೆಗೆ ಇಳಿದು ಸಿಂಧ್ ನಾಲಾ ಸೇರುತ್ತದೆ. ಇದನ್ನು ಸಿಂಧೂ ನದಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಆ ಪಾಸ್ ದಾಟಿದ ಮೇಲೆ ವಿಶನ್‌ಸರ್ ನೀರು ಕಿಶನ್‌ಗಂಗೆಗೆ, ಅಂದರೆ ಗಡಿಯಾಚೆ ನೀಲಂ ಎಂದು ಕರೆಯುವ ನದಿಗೆ ಹೋಗುತ್ತದೆ. ಗಡ್‌ಸರ್ ಸರೋವರದ ನೀರೂ ಅದೇ ಕಿಶನ್‌ಗಂಗೆಗೇ ಹೋಗುವುದರಿಂದ, ಗಡ್‌ಸರ್ ಪಾಸ್ ಎತ್ತರದಲ್ಲಿ ದೊಡ್ಡದಾದರೂ ನೀರು ಹಂಚುವುದರಲ್ಲಿ ಸಣ್ಣದು. ಮುಂದೆ ಹರಮುಖ್ ಪರ್ವತದ ಬುಡದಲ್ಲಿರುವ ಗಂಗಾಬಲ್ ಸರೋವರದ ನೀರು ಮತ್ತೆ ಸಿಂಧ್ ನಾಲಾ ಸೇರುತ್ತದೆ. ಕೊನೆಗೆ ಎರಡೂ ನದಿಗಳು ಝೀಲಂ ಸೇರುತ್ತವೆ. ಸಿಂಧ್ ಶ್ರೀನಗರದ ಕೆಳಗೆ, ಕಿಶನ್‌ಗಂಗೆ ಮುಜಫರಾಬಾದ್ ಬಳಿ.

ನಿವೃತ್ತ ಸುಬೇದಾರ್:
ಸೋನಮಾರ್ಗದ ಹೆಸರು ಬಂದಮೇಲೆ ಕೊಡಗಿನವರು ಒಂದು ಮಾತು ಹೇಳದೆ ಬಿಡಬಾರದು. ಅದರಿಂದ ಸ್ವಲ್ಪವೇ ಮುಂದೆ ಝೋಜಿ ಲಾ ಇದೆ. 1948ರ ನವೆಂಬರ್ 1ರಂದು ಮಡಿಕೇರಿಯ ತಿಮ್ಮಯ್ಯನವರ ನೇತೃತ್ವದಲ್ಲಿ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು 3,500 ಮೀಟರ್‌ಗೂ ಎತ್ತರದ ಆ ಪಾಸ್ ಏರಿ ಶತ್ರುವನ್ನು ಹಿಮ್ಮೆಟ್ಟಿಸಿದವು. ಆಗ ಪಶ್ಚಿಮದ ಸೇನಾ ವಿಭಾಗದ ಮುಖ್ಯಸ್ಥರಾಗಿದ್ದವರು ಕಾರ್ಯಪ್ಪನವರು. ಟ್ಯಾಂಕು ಸಾಗುವಂತೆ ಆ ದಾರಿಯನ್ನು ಅಗಲಗೊಳಿಸಿದವರು ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ತಿಮ್ಮಯ್ಯನವರ ಮನೆಯಾಗಿದ್ದ ಮಡಿಕೇರಿಯ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಹೊರಡುವ ಮೊದಲು ನಾಲ್ವರೂ ಒಮ್ಮೆ ನೋಡಿಕೊಂಡು ಹೋಗಿ.

ಈಗ ಕುದುರೆಯ ವಿಚಾರ. ನಾಚಿಕೆಯೆಂಬ ಶಬ್ದ ಕೇಳಿ ನನಗೆ ನಗು ಬಂತು. ಪರ್ವತ ಪ್ರದೇಶದಲ್ಲಿ ಸೈನ್ಯವೇ ಹೇಸರಗತ್ತೆಗಳನ್ನು ಇಟ್ಟುಕೊಂಡಿದೆ, ಅವುಗಳ ಬೆನ್ನ ಮೇಲೆ ಮದ್ದುಗುಂಡು, ಪಡಿತರ ಸಾಗುತ್ತದೆ. ಹೇಸರಗತ್ತೆ ಹೊತ್ತದ್ದನ್ನು ಸೈನಿಕನು ಹೊರುವುದಿಲ್ಲ. ಅವನು ಮೇಲೆ ತಲುಪಿದಾಗ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ನೀವೂ ಪಾಸ್ ಮೇಲೆ ತಲುಪಿದಾಗ ಇನ್ನೂ ಅರ್ಧ ದಿನ ನಡೆಯುವ ಸ್ಥಿತಿಯಲ್ಲಿರಬೇಕು. ಇಷ್ಟೇ ಲೆಕ್ಕ.

ಬೋರ್ಡೋ:
ಸುಬೇದಾರರ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ, ಆದರೂ ಒಂದು ಸಂದೇಹ ಉಳಿಯುತ್ತದೆ. ಎಲ್ಲ ಚೀಲವನ್ನೂ ಕುದುರೆಗೆ ಕೊಟ್ಟು, ಕುದುರೆ ನಮಗಿಂತ ಎರಡು ಗಂಟೆ ಮುಂದೆ ಹೋಗಿಬಿಟ್ಟು, ಪಾಸ್ ಮೇಲೆ ಆಲಿಕಲ್ಲು ಸುರಿಯತೊಡಗಿದರೆ ಮಳೆಯಂಗಿ ಎಲ್ಲಿರುತ್ತದೆ?

ಕಾಡುಮಲ್ಲಿಗೆ:
ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಕುದುರೆ ಹಿಡಿದರೂ ಬೆನ್ನ ಮೇಲೆ ಒಂದು ಸಣ್ಣ ಚೀಲ ಇರಲೇಬೇಕು. ಅದರಲ್ಲಿ ಮಳೆಯಂಗಿ, ಒಂದು ದಪ್ಪ ಉಣ್ಣೆಯ ಅಂಗಿ, ಒಣ ಕಾಲುಚೀಲ, ಎರಡು ಲೀಟರ್ ನೀರು, ಮಧ್ಯಾಹ್ನದ ಬುತ್ತಿ, ಟಾರ್ಚು, ಔಷಧಿ ಮತ್ತು ಗುರುತಿನ ಚೀಟಿ ಇರಬೇಕು. ಗುರುತಿನ ಚೀಟಿಯನ್ನು ದೊಡ್ಡ ಚೀಲದಲ್ಲಿಟ್ಟು ಕುದುರೆಯ ಜೊತೆ ಕಳುಹಿಸಿದವರನ್ನು ನಾನು ನೋಡಿದ್ದೇನೆ. ದಾರಿಯ ಸೇನಾ ಶಿಬಿರಗಳಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.

ನಮ್ಮ ಊರಿನ ಮಳೆಯ ಅಭ್ಯಾಸ ಅಲ್ಲಿ ಮೋಸ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಪೀರ್ ಪಂಜಾಲ್ ಸಾಲು ಮುಂಗಾರನ್ನು ಬಹುಮಟ್ಟಿಗೆ ತಡೆಯುವುದರಿಂದ ಅಲ್ಲಿನ ಆಗಸ್ಟ್ ನಮ್ಮ ಕಕ್ಕಡ ತಿಂಗಳ ಮಳೆಯ ಮುಂದೆ ಏನೂ ಅಲ್ಲ. ಆದರೆ ಇಲ್ಲಿ ನೆನೆದವರು ಮನೆಗೆ ಬಂದು ಒಲೆಯ ಮುಂದೆ ಕೂರುತ್ತಾರೆ. ಅಲ್ಲಿ ನೆನೆದವರ ಮೇಲೆ ಪಾಸ್‌ನ ಗಾಳಿ ಬೀಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬೆರಳು ಮರಗಟ್ಟಿ ಗುಂಡಿ ಹಾಕಲೂ ಆಗುವುದಿಲ್ಲ. ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಆರು ಗಂಟೆಗೆ ಹೊರಟು ಹನ್ನೊಂದರೊಳಗೆ ಪಾಸ್ ದಾಟುವುದು ಕ್ಷೇಮ.

ಪೊನ್ನಂಪೇಟೆಯ ಓದುಗ:
ಜಿಗಣೆ ಇದೆಯೇ?

ಕಾಡುಮಲ್ಲಿಗೆ:
ಆ ಎತ್ತರದಲ್ಲಿ ನನ್ನನ್ನು ಒಂದೂ ಕಚ್ಚಲಿಲ್ಲ. ಸುಣ್ಣ, ಹೊಗೆಸೊಪ್ಪು ಮನೆಯಲ್ಲೇ ಇರಲಿ, ಬದಲಿಗೆ ಬಿಸಿಲಿಗೆ ಹಚ್ಚುವ ಮುಲಾಮು ತೆಗೆದುಕೊಂಡು ಹೋಗಿ. ಮಂಜಿನ ನಾಡಿನವರು ಅದನ್ನು ಮರೆತು ಮೂಗು ಸುಲಿಸಿಕೊಂಡು ಬರುತ್ತಾರೆ.

ಮಂಜಿನೂರು:
ಪಂದಿ, ಅಂದರೆ ಹಂದಿಮಾಂಸದ, ಉಪ್ಪಿನಕಾಯಿಯ ಬಗ್ಗೆ ಯಾರೂ ಮಾತನಾಡಲಿಲ್ಲವಲ್ಲ. ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಹಾಕಿ ಮಾಡಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ, ಹಸಿವು ಸತ್ತ ಎತ್ತರದಲ್ಲಿ ಅದೊಂದೇ ನಾಲಿಗೆಗೆ ಹಿಡಿಸುತ್ತದೆ.

ಸೋಮವಾರಪೇಟೆಯವನು:
ಕುದುರೆಯವರೂ ಅಡುಗೆಯವರೂ ಅಲ್ಲಿಯ ಮುಸ್ಲಿಮರೇ ಆಗಿರುತ್ತಾರೆ. ಅವರ ಪಾತ್ರೆ, ಅವರ ಡೇರೆ, ಅವರ ಕುದುರೆಯ ಬೆನ್ನು. ಅದನ್ನು ಅವರ ನಡುವೆ ಬಿಚ್ಚುವುದು ಮರ್ಯಾದೆಯಲ್ಲ. ನಿಂಬೆಯದೋ ಮಾವಿನದೋ ಉಪ್ಪಿನಕಾಯಿ ಒಯ್ದರೆ ಅವರಿಗೂ ಒಂದು ತುಂಡು ಕೊಡಬಹುದು.

ಮಂಜಿನೂರು:
ಒಪ್ಪಿದೆ. ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ.

ಕುಶಾಲನಗರದ ಹುಡುಗ:
ತಯಾರಿಗೆ ಈಗಲೇ ಪುಷ್ಪಗಿರಿ, ಬ್ರಹ್ಮಗಿರಿ, ತಡಿಯಂಡಮೋಳ್ ಮೂರನ್ನೂ ಹತ್ತಿ ಇಳಿದರೆ ಸಾಕಲ್ಲವೇ?

ನಿವೃತ್ತ ಸುಬೇದಾರ್:
ಮಳೆ ಹಿಡಿದ ಮೇಲೆ ಚಾರಣಕ್ಕೆ ನಿರ್ಬಂಧ ಬೀಳುವುದುಂಟು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಅದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೂ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಜೂನ್ ಜುಲೈಯಲ್ಲಿ ತೋಟದ ಇಳಿಜಾರೇ ನಿಮ್ಮ ಮೈದಾನ. ಚೀಲಕ್ಕೆ ಎಂಟು ಕಿಲೋ ಅಕ್ಕಿ ತುಂಬಿ, ಗದ್ದೆಯಿಂದ ಮನೆಯವರೆಗೆ ದಿನವೂ ಮುಕ್ಕಾಲು ಗಂಟೆ ಹತ್ತಿ ಇಳಿಯಿರಿ. ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿರಿ, ಯಾಕೆಂದರೆ ಐವತ್ತು ದಾಟಿದವರ ಮೊಣಕಾಲು ದೂರು ಹೇಳುವುದು ಆಗಲೇ. ಬೂಟನ್ನು ಶ್ರೀನಗರದಲ್ಲಿ ಹೊಸದಾಗಿ ಕೊಳ್ಳಬೇಡಿ, ಇಲ್ಲಿಯೇ ಕೊಂಡು ಈ ಮಳೆಯಲ್ಲಿಯೇ ಪಳಗಿಸಿ.

ಪೊನ್ನಂಪೇಟೆಯ ಓದುಗ:
ಈ ಮಾರ್ಗ ಗಡಿ ನಿಯಂತ್ರಣ ರೇಖೆಗೆ ದೂರವಿಲ್ಲದ ಪ್ರದೇಶದಲ್ಲಿ ಸಾಗುವುದರಿಂದ, ಟಿಕೆಟ್ ಕಾಯ್ದಿರಿಸುವ ಮೊದಲು ಆ ವರ್ಷ ಚಾರಣಕ್ಕೆ ಅನುಮತಿ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಾಶ್ಮೀರದಲ್ಲಿ ಅನೇಕ ತಾಣಗಳನ್ನು ಮುಚ್ಚಿದ್ದರು. ಇಲ್ಲಿಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಪಾಸ್ ದಾಟುವ ದಿನ ಯಾವ ಸಿಮ್ಮೂ ಉಪಯೋಗಕ್ಕೆ ಬರುವುದಿಲ್ಲವೆಂದೇ ಎಣಿಸಿ, ಮನೆಯವರಿಗೆ ಮೊದಲೇ ಹೇಳಿ ಹೊರಡಿ.

ಕಕ್ಕಬೆಯ ತೋಟಿಗ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ನಾಲ್ವರೂ ಕೂತು ಇದನ್ನೆಲ್ಲ ಓದಿದೆವು. ವಿಶನ್‌ಸರ್‌ನ ಬಿಡುವಿನ ದಿನ ಮತ್ತೆ ಸೇರಿಕೊಂಡಿದೆ, ಸೋನಮಾರ್ಗದಲ್ಲಿ ಹೆಚ್ಚಿನ ರಾತ್ರಿಯೂ ಸೇರಿಕೊಂಡಿದೆ. ಬ್ರಾಂಡಿ ಪಟ್ಟಿಯಿಂದ ಹೊರಬಿದ್ದಿದೆ. ಹೊರೆಯ ವಿಷಯದಲ್ಲಿ ನಾಚಿಕೆಯ ಪಕ್ಷದವರು ಪೂರ್ತಿ ಸೋಲೊಪ್ಪಿಲ್ಲ. ಅಡುಗೆ ಸಾಮಾನು, ಡೇರೆ ಮತ್ತು ನಮ್ಮಿಬ್ಬರ ದೊಡ್ಡ ಚೀಲಗಳಿಗೆ ಎರಡು ಕುದುರೆ. ಅವರಿಬ್ಬರು ತಮ್ಮ ಚೀಲವನ್ನು ಗಡ್‌ಸರ್ ಪಾಸ್‌ವರೆಗೆ ತಾವೇ ಹೊತ್ತು, ಬೇಕಾದರೆ ಅಲ್ಲಿಂದ ಮುಂದೆ ಕುದುರೆಗೆ ಕೊಡುವುದೆಂದು ತೀರ್ಮಾನವಾಗಿದೆ.

ಕಾಡುಮಲ್ಲಿಗೆ:
ಪಾಸ್ ಮೇಲೆ ಕುದುರೆ ನಿಮಗಾಗಿ ಕಾಯುತ್ತ ನಿಲ್ಲುತ್ತದೆಯೇ? ಕುದುರೆಯವರು ಡೇರೆ ಹಾಕಲು ಮುಂದೆ ಓಡುತ್ತಾರೆ. ಕೊಡುವುದಿದ್ದರೆ ಬೆಳಿಗ್ಗೆಯೇ ಕೊಡಬೇಕು. ಜೊತೆಗೆ, ಕುದುರೆಯೊಡನೆ ಬರುವ ಆಳಿನ ಊಟ ಮತ್ತು ಮಲಗುವ ವ್ಯವಸ್ಥೆಯನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿದ್ದೀರೋ ಇಲ್ಲವೋ?

ಕಕ್ಕಬೆಯ ತೋಟಿಗ:
ಸೇರಿಸಿಲ್ಲ. ಇವತ್ತು ಸಂಜೆ ಮತ್ತೆ ಕೂರಬೇಕಾಗುತ್ತದೆ.